ಎತ್ತಂಗಡಿಯಾದ ಸಾಹೇಬ

ಅಪ್ರೈಸಲ್ ಬಂತು ಅಂದ್ರೆ ನಮ್ಮ ಐಟಿ ಮಂದಿಗೆ ಗ್ರೇಡಿನದೇ ಧ್ಯಾನ. ರಷ್ಯಾದಲ್ಲಿ ಈ ಧ್ಯಾನ ಇಡೀ ಸಾಮ್ರಾಜ್ಯಕ್ಕೇ ಇತ್ತು. ತ್ಸಾರ್ ಪೀಟರ್ 1722ರಲ್ಲಿ ಸರ್ಕಾರಿ ನೌಕರಿಯನ್ನೆಲ್ಲ 14 ದರ್ಜೆಗಳ ಏಣಿಯಾಗಿ ಜೋಡಿಸಿದ. ದೊಡ್ಡ ಮನೆತನದವನಾದರೂ ದರ್ಜೆ ಬೇಕಾದರೆ ಸೇವೆ ಮಾಡಲೇಬೇಕು.

ಆ ಏಣಿ ಹತ್ತಿದವರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದವನು ಮಿಖಾಯಿಲ್ ಸಾಲ್ತಿಕೋವ್. 1826ರಲ್ಲಿ ಜಮೀನ್ದಾರರ ಮನೆಯಲ್ಲಿ ಹುಟ್ಟಿ, ಜೀತದಾಳುಗಳ ಮೇಲೆ ಹೆತ್ತ ತಾಯಿಯೇ ನಡೆಸುತ್ತಿದ್ದ ದರ್ಬಾರು ನೋಡುತ್ತಾ ಬೆಳೆದ. 1844ರಲ್ಲಿ ಯುದ್ಧ ಇಲಾಖೆಯ ಕಚೇರಿ ಸೇರಿದ. ಜೊತೆಜೊತೆಗೆ ಕಥೆ ಬರೆದ. 1848ರಲ್ಲಿ ಯುರೋಪಿನಲ್ಲಿ ಕ್ರಾಂತಿ ಎದ್ದಾಗ ಬೆದರಿದ ಸರ್ಕಾರದ ಕಣ್ಣು ಆ ಕಥೆಗಳ ಮೇಲೆ ಬಿತ್ತು. ದೂರದ ವ್ಯಾತ್ಕಾ ಪಟ್ಟಣಕ್ಕೆ ಗಡಿಪಾರು.

ಗಡಿಪಾರು ಅಂದ್ರೆ ಜೈಲಲ್ಲ, ಅಲ್ಲಿನ ಸರ್ಕಾರಿ ಕಚೇರಿಯಲ್ಲೇ ಕೆಲಸ! ನಮ್ಮ ಭಾಷೆಯಲ್ಲಿ ಎತ್ತಂಗಡಿ. ಏಳು ವರ್ಷಕ್ಕೂ ಹೆಚ್ಚು ಕಾಲ ಕಡತ, ವರದಿ, ತನಿಖೆ. ಹಳೆಯ ಪಂಥದ ಕ್ರೈಸ್ತರನ್ನು ಬೆನ್ನಟ್ಟುವ ತನಿಖೆಗೂ ಇವನನ್ನೇ ಕಳಿಸಿದರು. ಪ್ರಮೋಷನ್ ಕೂಡ ಸಿಕ್ತು. ಅಪಾಯಕಾರಿ ಅಂತ ದೂರ ಅಟ್ಟಿದವನಿಗೇ ಸರ್ಕಾರ ತನ್ನ ಒಳಮನೆಯ ಕೀಲಿಕೈ ಕೊಟ್ಟಿತ್ತು.

ತ್ಸಾರ್ ನಿಕೊಲಾಯ್ ತೀರಿಕೊಂಡ ಮೇಲೆ ಬಿಡುಗಡೆ. 1856ರಿಂದ ಶ್ಚೆದ್ರಿನ್ ಅನ್ನೋ ಹೆಸರಲ್ಲಿ, ಕಂಡ ಲಂಚಕೋರತನವನ್ನೆಲ್ಲ ಬರೆದ. ಊರೆಲ್ಲ ಓದಿತು. ಆದರೆ ನೌಕರಿ ಬಿಡಲಿಲ್ಲ. 1858ರಲ್ಲಿ ರ್‍ಯಜಾನಿಗೆ, 1860ರಲ್ಲಿ ತ್ವೇರ್‌ಗೆ ಉಪಗವರ್ನರ್. ಜೀತದಾಳುಗಳನ್ನು ಹಿಂಸಿಸಿದ ಜಮೀನ್ದಾರರ ಮೇಲೆ, ಅಂದರೆ ತನ್ನದೇ ಜಾತಿಯವರ ಮೇಲೆ, ಕೇಸು ನಡೆಸಿದ. ಅವರು ಇಟ್ಟ ಅಡ್ಡಹೆಸರು 'ವೈಸ್-ರೋಬೆಸ್ಪಿಯರ್'. ಆಮೇಲೆ ಪೆಂಜಾ, ತೂಲಾ, ಮತ್ತೆ ರ್‍ಯಜಾನಿನ ಖಜಾನೆ ಕಚೇರಿಗಳು. ಗವರ್ನರುಗಳ ಜೊತೆ ಜಗಳ, ಮತ್ತೆ ಎತ್ತಂಗಡಿ. 1868ರಲ್ಲಿ ಶಾಶ್ವತವಾಗಿ ಹೊರಬಿದ್ದಾಗ ಅವನದು ಮೇಲಿನಿಂದ ನಾಲ್ಕನೇ ದರ್ಜೆ.

ಮರುವರ್ಷವೇ 'ಒಂದು ಪಟ್ಟಣದ ಇತಿಹಾಸ' ಪತ್ರಿಕೆಯಲ್ಲಿ ಬರತೊಡಗಿತು. ಅದರಲ್ಲೊಬ್ಬ ಅಧಿಕಾರಿಯ ತಲೆಯೊಳಗೆ ಮಿದುಳಿಲ್ಲ, ಎರಡೇ ಗದರಿಕೆ ನುಡಿಸುವ ಪೆಟ್ಟಿಗೆಯಿದೆ!

ಒಳಗಿದ್ದೇ ಬದಲಾಯಿಸ್ತೀನಿ ಅನ್ನೋರಿಗೆ ಸಾಲ್ತಿಕೋವ್ ಸುಲಭದ ಉತ್ತರ ಕೊಡಲ್ಲ. ಅವನಿಂದ ವ್ಯವಸ್ಥೆ ಬದಲಾಗಲಿಲ್ಲ. ಕೆಲವು ಜಮೀನ್ದಾರರು ಕಟಕಟೆ ಹತ್ತಿದರು, ಅಷ್ಟೇ. ಆದರೆ ಸಂಬಳ ಕೊಟ್ಟವರ ಪರವಾಗಿ ಅವನು ಸುಳ್ಳು ಬರೆಯಲಿಲ್ಲ. ಆ 14 ಮೆಟ್ಟಿಲುಗಳನ್ನು 1917ರಲ್ಲಿ ಕಿತ್ತುಹಾಕಿದರು. ಪುಸ್ತಕ ಇನ್ನೂ ಇದೆ.