ಘಟ್ಟದ ಮೇಲಿನ ಕಳಲೆ ಅಡುಗೆ: ಬಿದಿರುಮೆಳೆ, ಅಲಸಂದೆ ಮತ್ತು ಕಾಡಿನ ಹಕ್ಕು

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಕಳಲೆ ಎಂದರೆ ಮಳೆಗಾಲದಲ್ಲಿ ಬಿದಿರುಮೆಳೆಯ ಬುಡದಿಂದ ಮೇಲೇಳುವ ಎಳೆಯ ಮೊಳಕೆ. ಪುನರ್ವಸು ಮಳೆ ಹಿಡಿದು ಹೊಯ್ಯತೊಡಗಿದ ಮೇಲೆ ಅದು ನೆಲ ಬಿರಿದು ಮೂತಿ ತೋರಿಸುತ್ತದೆ. ಪುಷ್ಯ, ಆಶ್ಲೇಷಾ ಮಳೆಗಳಲ್ಲಿ ಹೇರಳವಾಗಿ ಸಿಗುತ್ತದೆ; ಮಘೆ ಕಳೆಯುವ ಹೊತ್ತಿಗೆ ಉಳಿದ ಮೊಳಕೆಗಳೆಲ್ಲ ಬಿದಿರಾಗುವ ದಾರಿ ಹಿಡಿದಿರುತ್ತವೆ. ದಿನಕ್ಕೆ ಗೇಣುದ್ದ ಬೆಳೆಯುವ ಮೊಳಕೆಗೆ ಎರಡು ದಿನ ತಡವಾದರೂ ಗಿಣ್ಣು ಬಲಿತು ನಾರಾಗುತ್ತದೆ. ಆದ್ದರಿಂದ ಕಳಲೆಯ ಅಡುಗೆ ಮಾಡುವವರು ಕಾಡಿನ ಹತ್ತಿರ ಇರಲೇಬೇಕಾಗಿತ್ತು, ಮೆಳೆಗೆ ಹೋಗಿ ಕಡಿಯುವ ಅವಕಾಶವೂ ಅವರಿಗೆ ಇರಬೇಕಾಗಿತ್ತು. ಈ ಮೂರು ತಾಲೂಕುಗಳಲ್ಲಿ ಕಳಲೆಯ ಇತಿಹಾಸ ಬಹುಮಟ್ಟಿಗೆ ಆ ಅವಕಾಶದ ಇತಿಹಾಸವೇ ಆಗಿದೆ.

ಅಡುಗೆಗೆ ಹೆಚ್ಚಾಗಿ ಬರುವುದು ಮುಳ್ಳಿನ ಹೆಬ್ಬಿದಿರಿನ ಕಳಲೆ. ಅದರ ಹೊರಪೊರೆಗಳ ಮೇಲೆ ಕಂದು ಬಣ್ಣದ ನವಿರು ಸುಂಕು ಇರುತ್ತದೆ. ಕೈಗೆ ತಾಗಿದರೆ ತುರಿಕೆ. ಪೊರೆಗಳನ್ನು ಒಂದೊಂದಾಗಿ ಬಿಚ್ಚಿದರೆ ಒಳಗೆ ದಂತದ ಬಣ್ಣದ ತಿರುಳು ಸಿಗುತ್ತದೆ. ತಂದ ತೂಕದ ಅರ್ಧಕ್ಕಿಂತ ಹೆಚ್ಚು ಸಿಪ್ಪೆಯಾಗಿಯೇ ಹೋಗುತ್ತದೆ. ತಿರುಳನ್ನು ತೆಳ್ಳಗೆ ಬಿಲ್ಲೆಬಿಲ್ಲೆಯಾಗಿ ಹೆಚ್ಚಿ, ನೀರಿನಲ್ಲಿ ಮುಳುಗಿಸಿಟ್ಟು, ದಿನಕ್ಕೊಮ್ಮೆ ನೀರು ಚೆಲ್ಲಿ ಹೊಸ ನೀರು ಹಾಕಿ, ಎರಡು ಮೂರು ದಿನಗಳ ನಂತರವೇ ಒಲೆಗೆ ಏರಿಸುವುದು ಪದ್ಧತಿ. ಬೇಯಿಸಿದ ಮೊದಲ ನೀರನ್ನೂ ಬಸಿದು ಚೆಲ್ಲುವವರಿದ್ದಾರೆ. ಇದು ಬರಿಯ ಕಹಿ ತೆಗೆಯುವ ಉಪಾಯವಲ್ಲ. ಹಸಿ ಕಳಲೆಯಲ್ಲಿ ಟ್ಯಾಕ್ಸಿಫಿಲಿನ್ ಎಂಬ ವಸ್ತುವಿದ್ದು, ಹೆಚ್ಚಿದಾಗ ಜೀವಕೋಶಗಳು ಒಡೆದು ಅದರಿಂದ ವಿಷವಾದ ಹೈಡ್ರೋಜನ್ ಸಯನೈಡ್ ಬಿಡುಗಡೆಯಾಗುತ್ತದೆ. ಹೆಚ್ಚಿದ ಹೋಳು ತೆಳುವಾಗಿದ್ದಷ್ಟೂ ಅದು ಬೇಗ ಹೊರಬಂದು ನೀರಿನಲ್ಲಿ ಕರಗುತ್ತದೆ. ಉಳಿದದ್ದು ಕುದಿಯುವಾಗ ಹಾರಿಹೋಗುತ್ತದೆ. ರಸಾಯನಶಾಸ್ತ್ರ ಈ ಕಾರಣವನ್ನು ಹೇಳುವ ಎಷ್ಟೋ ಕಾಲ ಮೊದಲೇ ಅಡುಗೆಮನೆ ಪರಿಹಾರವನ್ನು ಕಂಡುಕೊಂಡಿತ್ತು.

ಬಿದಿರು ಬೆಳೆಯುವ ಏಷ್ಯಾದ ಎಲ್ಲ ನಾಡುಗಳೂ ಈ ಸಮಸ್ಯೆಯನ್ನು ಎದುರಿಸಿವೆ, ತಮ್ಮ ತಮ್ಮ ರೀತಿಯಲ್ಲಿ ಬಿಡಿಸಿಕೊಂಡಿವೆ. ಜಪಾನಿನಲ್ಲಿ ಅಕ್ಕಿತೌಡು ಬೆರೆಸಿದ ನೀರಿನಲ್ಲಿ ಬೇಯಿಸುತ್ತಾರೆ. ಅಸ್ಸಾಮಿನ ಖೋರಿಸಾ, ಮಣಿಪುರದ ಸೊಯಿಬುಮ್ ಎರಡೂ ಹುಳಿಬರಿಸಿದ ಕಳಲೆ. ಚೀನಾದಲ್ಲಿ ಹತ್ತನೆಯ ಶತಮಾನದಷ್ಟು ಹಿಂದೆಯೇ ಜಾನ್‌ನಿಂಗ್ ಎಂಬ ಬೌದ್ಧ ಭಿಕ್ಷು ಕಳಲೆಯೊಂದನ್ನೇ ವಿಷಯವಾಗಿಟ್ಟುಕೊಂಡು ಗ್ರಂಥ ಬರೆದ. ಕರ್ನಾಟಕದೊಳಗೂ ಹೆಸರುಗಳು ಬೇರೆ ಬೇರೆ: ತುಳುವರ ಕಣಿಲೆ, ಕೊಂಕಣಿಗರ ಕೀರ್ಲು, ಕೊಡವರ ಬೈಂಬಳೆ. ಘಟ್ಟದ ಮೇಲಿನ ಮನೆಗಳಲ್ಲಿ ಹುಳಿಬರಿಸುವ ಕ್ರಮಕ್ಕಿಂತ ಉಪ್ಪುನೀರಿನ ಕ್ರಮ ಹೆಚ್ಚು ಬಳಕೆಯಲ್ಲಿತ್ತು. ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುವಂತೆ ಕಳಲೆಯನ್ನೂ ಭರಣಿಯಲ್ಲಿ ಹಾಕಿಟ್ಟು, ಬೇಕಾದಾಗ ಉಪ್ಪು ಬಿಡಿಸಿ ಬಳಸುತ್ತಿದ್ದರು.

ಕನ್ನಡದಲ್ಲಿ ಕಳಲೆಯ ಅಡುಗೆಗೆ ಬರಹದ ಸಾಕ್ಷಿ ಹದಿನಾರನೆಯ ಶತಮಾನದ ಆರಂಭದಲ್ಲಿ ಸಿಗುತ್ತದೆ. ಕಲ್ಲಹಳ್ಳಿಯ ಪ್ರಭುವಾಗಿದ್ದ ಜೈನಕವಿ ಮೂರನೇ ಮಂಗರಸ ವಾರ್ಧಕ ಷಟ್ಪದಿಯಲ್ಲಿ ಬರೆದ ‘ಸೂಪಶಾಸ್ತ್ರ’ದಲ್ಲಿ ಬದನೆ, ಹಲಸು, ಬಾಳೆಗಳ ಜೊತೆಗೆ ಕಳಲೆಯ ಪಾಕಗಳಿಗೂ ಜಾಗವಿದೆ. ಕಲ್ಲಹಳ್ಳಿ ಇರುವುದು ದಕ್ಷಿಣದ ಹುಣಸೂರು ಕಡೆ, ಶಿರಸಿಯಿಂದ ಬಲು ದೂರ. ಆದರೆ ಆ ಗ್ರಂಥದಿಂದ ಒಂದು ಮಾತು ಖಚಿತವಾಗುತ್ತದೆ: ಕಳಲೆ ಬಡವರು ಹಸಿವಿಗೆ ಕಿತ್ತು ತಿನ್ನುವ ಕಾಡುಸೊಪ್ಪಿನ ಸಾಲಿನದಾಗಿರಲಿಲ್ಲ, ಅರಸುಮನೆತನದ ಸಸ್ಯಾಹಾರಿ ಊಟದಲ್ಲೂ ಅದಕ್ಕೆ ಮನ್ನಣೆಯಿತ್ತು. ಶಿರಸಿ ಸೀಮೆಯನ್ನು ಕಣ್ಣಾರೆ ಕಂಡು ಬರೆದ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಯಲ್ಲಾಪುರ, ಸೋಂದೆ, ಶಿರಸಿಗಳ ಮೂಲಕ ಹಾದುಹೋದ. ಅಡಕೆ, ಮೆಣಸು, ಏಲಕ್ಕಿಗಳ ತೋಟಗಳನ್ನು ಆತ ವಿವರವಾಗಿ ದಾಖಲಿಸಿದ್ದಾನೆ. ಆದರೆ ಆತ ಬಂದದ್ದು ಬೇಸಿಗೆಯ ಆರಂಭದಲ್ಲಿ. ಮಳೆಗಾಲದ ಊಟ ಅವನ ಎಲೆಗೆ ಬೀಳುವಂತಿರಲಿಲ್ಲ.

ಆ ಊಟದಲ್ಲಿ ಕಳಲೆಗೆ ಜೊತೆಯಾದದ್ದು ಕಾಳು ಮತ್ತು ಕಾಯಿ. ಕಳಲೆಗೆ ತನ್ನದೇ ಆದ ರುಚಿ ಕಡಿಮೆ, ಕರುಮುರು ಗುಣ ಹೆಚ್ಚು. ಆದ್ದರಿಂದ ಹುಳಿ ಮಾಡುವಾಗ ಅಲಸಂದೆಕಾಳನ್ನೋ ಮೊಳಕೆ ಬರಿಸಿದ ಹೆಸರನ್ನೋ ಸೇರಿಸಿ, ತೆಂಗಿನಕಾಯಿಯ ಜೊತೆ ಹುರಿದ ಒಣಮೆಣಸು, ಕೊತ್ತಂಬರಿ ಅರೆದು ಹಾಕುತ್ತಿದ್ದರು. ಹುಳಿಗೆ ಹುಣಸೆ ಅಥವಾ ಒಣಗಿಸಿಟ್ಟ ವಾಟೆಹುಳಿ, ಮೇಲೆ ಚೂರು ಬೆಲ್ಲ. ಇಲ್ಲಿ ಕಾಲದ ಲೆಕ್ಕವೂ ಇದೆ. ಆಷಾಢದಲ್ಲಿ ಕಳಲೆ ಬರುವಾಗ ಹಿತ್ತಿಲಿನ ಅಲಸಂದೆ ಬಳ್ಳಿ ಇನ್ನೂ ಚಪ್ಪರ ಹತ್ತುತ್ತಿರುತ್ತದೆ; ಆಗ ಬಳಕೆಯಾಗುವುದು ಹಿಂದಿನ ವರ್ಷದ ಒಣಕಾಳು. ಮೊದಲ ಮಳೆಗೆ ಊರಿದ ಬೀಜ ಎರಡು ತಿಂಗಳಿಗೆ ಹಸಿರು ಕಾಯಿ ಕೊಡುತ್ತದೆ. ಹೀಗೆ ಶ್ರಾವಣದ ಕೆಲವು ವಾರ ಮಾತ್ರ ಕಡೆಯ ಕಳಲೆಯೂ ಮೊದಲ ಎಳೆ ಅಲಸಂದೆಯೂ ಒಂದೇ ಪಾತ್ರೆಯಲ್ಲಿ ಕೂಡುತ್ತವೆ. ಎರಡನ್ನೂ ಸಣ್ಣಗೆ ಹೆಚ್ಚಿ, ಸಾಸಿವೆ ಒಗ್ಗರಣೆಯಲ್ಲಿ ಬಾಡಿಸಿ, ಕಾಯಿತುರಿ ಉದುರಿಸಿದ ಪಲ್ಯಕ್ಕೆ ಅದೇ ತಕ್ಕ ಕಾಲ.

ಅಲಸಂದೆ ಮೂಲತಃ ಈ ನೆಲದ್ದಲ್ಲ. ಅದರ ಹುಟ್ಟೂರು ಆಫ್ರಿಕಾ. ಭಾರತಕ್ಕೆ ಬಂದು ಸಾವಿರಾರು ವರ್ಷಗಳಾಗಿರುವುದರಿಂದ ಯಾರೂ ಅದನ್ನು ಪರದೇಶಿ ಎನ್ನುವುದಿಲ್ಲ. ಮೊಳದುದ್ದದ ಕಾಯಿ ಬಿಡುವ ಅದರ ತಳಿ ರೂಪುಗೊಂಡದ್ದು ಆಗ್ನೇಯ ಏಷ್ಯಾದಲ್ಲಿ. ಆ ಭಾಗದ ಜಾವಾ ದ್ವೀಪದಲ್ಲಿ ಸಾಯುರ್ ಲೋಡೆ ಎಂಬ ಪದಾರ್ಥವಿದೆ: ತೆಂಗಿನಹಾಲಿನಲ್ಲಿ ಉದ್ದ ಅಲಸಂದೆ, ಬದನೆ ಮೊದಲಾದ ತರಕಾರಿಗಳು, ಹಲವೆಡೆ ಅದರೊಂದಿಗೆ ಕಳಲೆಯೂ. ಸಿದ್ದಾಪುರದ ಹುಳಿಗೂ ಜಾವಾದ ಲೋಡೆಗೂ ಒಂದರಿಂದ ಒಂದು ಹುಟ್ಟಿದ ನಂಟು ಕಲ್ಪಿಸಬೇಕಾಗಿಲ್ಲ. ಜಡಿಮಳೆ, ಬಿದಿರು, ತೆಂಗು, ಹಿತ್ತಿಲಿನ ಬಳ್ಳಿ ನಾಲ್ಕೂ ಇರುವಲ್ಲಿ ಇಂಥ ಅಡುಗೆ ತಾನಾಗಿಯೇ ಹುಟ್ಟುತ್ತದೆ. ಈಗ ‘ಬೀನ್ಸ್’ ಎಂದು ಕರೆಯುವ ಕಾಯಿಯ ಕಥೆ ಬೇರೆ. ಅದು ಅಮೆರಿಕ ಖಂಡದ ಬೆಳೆ, ಹದಿನಾರನೆಯ ಶತಮಾನದ ನಂತರ ಯುರೋಪಿಯನ್ನರ ಮೂಲಕ ಏಷ್ಯಾಕ್ಕೆ ಬಂತು. ಘಟ್ಟದ ಮೇಲಿನ ಜಡಿಮಳೆ ಅದಕ್ಕೆ ಒಗ್ಗದ ಕಾರಣ ಇಲ್ಲಿ ಅದು ಹಿತ್ತಿಲಿನ ಬೆಳೆಯಾಗದೆ ಪೇಟೆಯ ತರಕಾರಿಯಾಗಿಯೇ ಉಳಿಯಿತು. ಮದುವೆಮನೆಯ ಪಲ್ಯಕ್ಕೆ ಬೀನ್ಸ್ ಬಂದರೂ, ಶ್ರಾದ್ಧದ ಅಡುಗೆಯಿಂದ ಅದನ್ನು ಹೊರಗಿಡುವ ಮನೆಗಳು ಇಂದಿಗೂ ಇವೆ.

ಕಳಲೆಯ ಕಾಲಕ್ಕೂ ವ್ರತಗಳಿಗೂ ಒಂದು ವಿಚಿತ್ರ ಸಂಬಂಧವಿದೆ. ಶಿರಸಿ ತಾಲೂಕಿನ ಸೋಂದೆಯಲ್ಲಿ ಮಾಧ್ವ ಯತಿ ವಾದಿರಾಜರ ಮಠವಿದೆ. ಮಾಧ್ವರ ಚಾತುರ್ಮಾಸ್ಯದ ಮೊದಲ ತಿಂಗಳು ಶಾಕವ್ರತ, ತರಕಾರಿಗಳು ವರ್ಜ್ಯ. ಕೊನೆಯ ತಿಂಗಳು ದ್ವಿದಳವ್ರತ, ಬೇಳೆಕಾಳುಗಳು ವರ್ಜ್ಯ. ಕಳಲೆ ತುಂಬಿ ಬರುವುದು ಶಾಕವ್ರತದ ತಿಂಗಳಿನಲ್ಲಿ. ಅದನ್ನು ಕಟ್ಟುನಿಟ್ಟಾಗಿ ಪಾಲಿಸುವವರಿಗೆ ಕಳಲೆಯ ಹಂಗಾಮು ಹೆಚ್ಚುಕಡಿಮೆ ಹಾಗೆಯೇ ಕಳೆದುಹೋಗುತ್ತದೆ. ಸ್ಮಾರ್ತ ಸಂಪ್ರದಾಯದ ಹವ್ಯಕರ ಮನೆಗಳಲ್ಲಿ ಗೃಹಸ್ಥರಿಗೆ ಇಂಥ ಕಟ್ಟು ಇಲ್ಲದಿದ್ದುದರಿಂದ ಕಳಲೆಯ ಹುಳಿ, ಪಲ್ಯ, ಸಾಸಿವೆ ಅರೆದು ಹಾಕಿದ ಉಪ್ಪಿನಕಾಯಿ ಇವೆಲ್ಲ ಅಲ್ಲಿಯೇ ಹೆಚ್ಚು ಬೆಳೆದವು. ಇದು ಒಂದು ಸಮುದಾಯದ ಸೊತ್ತೇನೂ ಅಲ್ಲ. ಯಲ್ಲಾಪುರದ ಸಿದ್ದಿಗಳು, ಕುಣಬಿಗಳು, ಸಿದ್ದಾಪುರ ಕಡೆಯ ನಾಮಧಾರಿಗಳು, ಕರೆ ಒಕ್ಕಲಿಗರು ಎಲ್ಲರೂ ಕಳಲೆ ತಿನ್ನುವವರೇ. ಮಾಂಸಾಹಾರಿ ಮನೆಗಳಲ್ಲಿ ಕಾಳಿನ ಜಾಗಕ್ಕೆ ಘಟ್ಟದ ಕೆಳಗಿನಿಂದ ಬಂದ ಒಣ ಶೆಟ್ಲಿ (ಸಿಗಡಿ) ಸೇರುತ್ತಿತ್ತು. ತೋಟಗಾರರ ಮನೆಗೆ ಕಳಲೆ ಕಡಿದು ತಂದುಕೊಡುತ್ತಿದ್ದವರೂ ಬಹುಪಾಲು ಈ ಜನರೇ; ಪಾಕಪುಸ್ತಕಗಳಲ್ಲಿ ಅವರ ಕೆಲಸಕ್ಕೆ ಒಂದು ಸಾಲೂ ಮೀಸಲಾಗಿಲ್ಲ.

ಕಡಿಯುವ ಹಕ್ಕಿನ ವಿಷಯ ಬಿಗಿಯಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1878ರ ಅರಣ್ಯ ಕಾಯ್ದೆಯ ನಂತರ ಕಾಡಿನ ದೊಡ್ಡ ಭಾಗ ಕಾದಿಟ್ಟ ಅರಣ್ಯವಾಯಿತು. ಅಡಕೆ ತೋಟದವರಿಗೆ ಸೊಪ್ಪಿನ ಬೆಟ್ಟಗಳ, ಅಂದರೆ ತೋಟಕ್ಕೆ ಸೊಪ್ಪು ಕಡಿಯುವ ಕಾಡಿನ, ಸವಲತ್ತು ಉಳಿಯಿತು: ಎಕರೆ ತೋಟಕ್ಕೆ ಗರಿಷ್ಠ ಒಂಬತ್ತು ಎಕರೆ ಬೆಟ್ಟ ಎಂಬುದು ಘಟ್ಟದ ಮೇಲಿನ ಪ್ರಸಿದ್ಧ ಲೆಕ್ಕ. ಬೆಟ್ಟದಲ್ಲಿ ಮೆಳೆ ಇದ್ದವರಿಗೆ ಕಳಲೆ ಮನೆಬಾಗಿಲಲ್ಲೇ ಇದ್ದಂತೆ. ತೋಟವಿಲ್ಲದವರಿಗೆ ಬೆಟ್ಟವೂ ಇಲ್ಲ. ಅವರ ಪಾಲಿಗೆ ಕಳಲೆ ಗಾರ್ಡನ ಕಣ್ಣು ತಪ್ಪಿಸಿ ತರುವ ವಸ್ತುವಾಯಿತು. ಒಂದೇ ಊರಿನ ಎರಡು ಅಡುಗೆಮನೆಗಳಲ್ಲಿ ಒಂದೇ ಪದಾರ್ಥ, ಕಾನೂನಿನ ದೃಷ್ಟಿಯಲ್ಲಿ ಮಾತ್ರ ಎರಡು.

ಬಿದಿರಿಗೆ ತನ್ನದೇ ಆದ ಕಾಲಚಕ್ರವೂ ಇದೆ. ಹೆಬ್ಬಿದಿರು ಸುಮಾರು ಮೂವತ್ತರಿಂದ ಐವತ್ತು ವರ್ಷಕ್ಕೊಮ್ಮೆ ಸೀಮೆಗೆ ಸೀಮೆಯೇ ಹೂಬಿಟ್ಟು, ಬೀಜ ಉದುರಿಸಿ ಸಾಯುತ್ತದೆ. 1864ರಲ್ಲಿ ಯಲ್ಲಾಪುರದ ನೆರೆಯ ಸೂಪಾ ಕಾಡಿನಲ್ಲಿ ಹೀಗೆ ಬಿದಿರು ಹೂಬಿಟ್ಟಾಗ ಧಾರವಾಡ, ಬೆಳಗಾವಿ ಕಡೆಯಿಂದ ಸುಮಾರು 50,000 ಜನ ಬಿದಿರಕ್ಕಿ ಆರಿಸಲು ಬಂದಿದ್ದರೆಂದು ಅಂದಿನ ಅಧಿಕಾರಿಗಳು ಅಂದಾಜು ಮಾಡಿದ್ದರು. ಒಂದೊಂದು ಗುಂಪೂ ಹತ್ತು ಹದಿನಾಲ್ಕು ದಿನ ಕಾಡಿನಲ್ಲಿ ಉಳಿದು, ಮಳೆಗಾಲದ ಊಟಕ್ಕೆ ಸಾಕಾಗುವಷ್ಟು, ಮಾರಾಟಕ್ಕೂ ಒಂದಿಷ್ಟು ಒಯ್ದಿತು. ಬಿದಿರಕ್ಕಿಯ ವರ್ಷ ಹೊಟ್ಟೆ ತುಂಬಿದರೂ ಅದರ ನಂತರ ಬಹಳ ಕಾಲ ಕಳಲೆಗೆ ಬರ. ಬೀಜದಿಂದ ಹುಟ್ಟಿದ ಸಸಿ ದೊಡ್ಡ ಮೆಳೆಯಾಗಿ ದಪ್ಪ ಕಳಲೆ ಕೊಡಲು ಹತ್ತಾರು ವರ್ಷ ಬೇಕು.

ಈ ಸಹಜ ಏರಿಳಿತಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಸ್ವಾತಂತ್ರ್ಯಾನಂತರ. ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ 1955ರಲ್ಲಿ ಸ್ಥಾಪನೆಯಾಗಿ, ಆ ದಶಕದ ಕೊನೆಗೆ ಕಾಗದ ತಯಾರಿಸತೊಡಗಿತು. ಸರ್ಕಾರ ಅದಕ್ಕೆ ಟನ್ನಿಗೆ 1.50 ರೂಪಾಯಿಯಂತೆ ಬಿದಿರು ಕೊಟ್ಟಿತು. ಬುಟ್ಟಿ ಹೆಣೆಯುವ ಮೇದಾರರು ಪೇಟೆಯಲ್ಲಿ ಕೊಡಬೇಕಾಗಿದ್ದ ಬೆಲೆ ಇದರ ನೂರಾರು ಪಟ್ಟು. ಅವರ ದೂರಿನಿಂದಾಗಿ 1970ರ ದಶಕದ ಮಧ್ಯದಲ್ಲಿ ಬಿದಿರಿನ ಅಧ್ಯಯನಕ್ಕಿಳಿದ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರಿಗೆ ಎರಡು ಸಂಗತಿ ಕಂಡವು. ಒಂದು, ಕಾಡಿನಲ್ಲಿ ಇಷ್ಟು ಬಿದಿರಿದೆ ಎಂಬ ಸರ್ಕಾರಿ ಅಂದಾಜು ವಾಸ್ತವಕ್ಕಿಂತ ಬಹಳ ಹೆಚ್ಚಾಗಿತ್ತು. ಎರಡನೆಯದು ಕಳಲೆಗೇ ಸಂಬಂಧಿಸಿದ್ದು. ಕಾರ್ಖಾನೆಗೆ ಕಡಿಯುವವರು ಮೆಳೆಯನ್ನು ಚೊಕ್ಕಗೊಳಿಸುವ ಹೆಸರಿನಲ್ಲಿ ಬುಡದ ಮುಳ್ಳುಕಂಟಿಗಳನ್ನು ಸವರಿ ತೆಗೆಯುತ್ತಿದ್ದರು. ಅರಣ್ಯಶಾಸ್ತ್ರದ ಪುಸ್ತಕದ ಪ್ರಕಾರ ಅದು ಒಳ್ಳೆಯ ಕ್ರಮ. ಊರಿನವರು ಮಾತ್ರ ಮುಳ್ಳಿಗೆ ಕೈಹಚ್ಚದೆ, ಅದರ ಮೇಲಿನ ಎತ್ತರದಲ್ಲಿ ಬಿದಿರು ಕಡಿಯುತ್ತಿದ್ದರು. ಮುಳ್ಳಿನ ಬೇಲಿ ಹೋದ ಮೆಳೆಯಲ್ಲಿ ಹೊಸ ಕಳಲೆ ಎದ್ದ ಕೂಡಲೇ ದನ, ಮುಸಿಯ, ಮುಳ್ಳುಹಂದಿಗಳ ಪಾಲಾಯಿತು. ಮನುಷ್ಯರ ಕೈಗೂ ಸುಲಭವಾಗಿ ಸಿಕ್ಕಿತು. ಕಳಲೆ ಬೆಳೆದರೆ ತಾನೆ ಮುಂದಿನ ಬಿದಿರು? ಕೆಲವೇ ವರ್ಷಗಳಲ್ಲಿ ಮೆಳೆಗಳು ಮುದಿಯಾಗಿ ಬರಿದಾದವು. ಕಾರ್ಖಾನೆ ಕ್ರಮೇಣ ನೀಲಗಿರಿ, ಗಾಳಿಮರಗಳ ಕಡೆ ತಿರುಗಿತು.

ಕಾಡಿನ ಮೇಲಿನ ಹತೋಟಿಯ ಪ್ರಶ್ನೆ 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡಾಗ ನಾಡಿಗೆಲ್ಲ ಕೇಳಿಸಿತು. ಆ ಚಳವಳಿಯ ಮುಖ್ಯ ಬೇಡಿಕೆ ಮರ ಕಡಿತ ನಿಲ್ಲಿಸುವುದು. ಆದರೆ ಬೆಟ್ಟ, ಬಿದಿರು, ಜೇನು, ಉಪ್ಪಾಗೆ ಮೊದಲಾದ ದಿನಬಳಕೆಯ ಉತ್ಪನ್ನಗಳ ಚಿಂತೆಯೂ ಅದರೊಂದಿಗೆ ಬೆರೆತಿತ್ತು. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಹೆಸರಿಸಿ, ಅರಣ್ಯವಾಸಿಗಳಿಗೆ ಅದನ್ನು ಸಂಗ್ರಹಿಸುವ ಹಕ್ಕನ್ನು ಒಪ್ಪಿತು. 2017ರಲ್ಲಿ 1927ರ ಭಾರತೀಯ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಅರಣ್ಯದ ಹೊರಗೆ ಬೆಳೆದ ಬಿದಿರು ‘ಮರ’ ಎಂಬ ವ್ಯಾಖ್ಯೆಯಿಂದ ಹೊರಬಂತು. ತೋಟದಂಚಿನಲ್ಲಿ ಮುಳ್ಳಿಲ್ಲದ ತಳಿಗಳನ್ನು ನೆಟ್ಟು ಮನೆಬಳಕೆಗೆ ಕಳಲೆ ಬೆಳೆಯುವುದು ಇದರಿಂದ ಸುಲಭವಾಗಿದೆ. ಕಾದಿಟ್ಟ ಅರಣ್ಯದ ಮೆಳೆಯಿಂದ ಕಳಲೆ ಕಡಿಯುವುದು ಮಾತ್ರ, ಹಕ್ಕುಪತ್ರ ಕೈಸೇರದ ಬಹಳ ಜನರಿಗೆ, ಇನ್ನೂ ಅಂಜುತ್ತಲೇ ಮಾಡುವ ಕೆಲಸ.

ಅಡುಗೆ ಈ ನಡುವೆ ಪೇಟೆಯ ದಾರಿ ಹಿಡಿದಿದೆ. ಸಿಪ್ಪೆ ಸುಲಿದು ಹೆಚ್ಚಿ ನೀರಿನಲ್ಲಿ ನೆನೆಸಿದ ಕಳಲೆ ಆಷಾಢದಲ್ಲಿ ಮಾರಾಟಕ್ಕೆ ಬರುತ್ತದೆ. ನೀರು ಬದಲಿಸುವ ಎರಡು ಮೂರು ದಿನದ ತಾಳ್ಮೆ ಇಲ್ಲದವರಿಗೆ ಅದೇ ಆಧಾರ. ಉಪ್ಪಿನಕಾಯಿ ಬಾಟಲಿಗಳಲ್ಲಿ ವರ್ಷವಿಡೀ ಸಿಗುತ್ತದೆ. ಬೆಂಗಳೂರು ಸೇರಿದ ಘಟ್ಟದವರ ಮಕ್ಕಳಿಗೆ ಚೈನೀಸ್ ಹೋಟೆಲಿನ ಬೀನ್ಸ್ ಮತ್ತು ಬ್ಯಾಂಬೂ ಶೂಟ್ ಪಲ್ಯದ ರೂಪದಲ್ಲೂ ಕಳಲೆ ಪರಿಚಿತವಾಗಿದೆ. ಡಬ್ಬಿಯಲ್ಲಿ ಬರುವ ಆ ಹೋಳುಗಳು ಬೇರೆ ಜಾತಿಯ ಬಿದಿರಿನವು, ಮೊದಲೇ ಬೇಯಿಸಿ ಕಹಿ ತೆಗೆದವು. ಹೆಬ್ಬಿದಿರಿನ ಕಳಲೆಗಿರುವ ಕಟುವಾಸನೆ ಅವುಗಳಲ್ಲಿ ಇಲ್ಲ. ಹುಳಿಗೆ ಹುರಿದ ಮಸಾಲೆಯನ್ನು ಗಟ್ಟಿಯಾಗಿ ಅರೆಯುವ ಘಟ್ಟದ ಕ್ರಮ ಹುಟ್ಟಿದ್ದು ಆ ವಾಸನೆಯನ್ನು ಎದುರಿಸಲಿಕ್ಕಾಗಿ. ಆದ್ದರಿಂದ ಡಬ್ಬಿಯ ಕಳಲೆಯಲ್ಲಿ ಅದೇ ಹುಳಿ ಮಾಡಹೊರಟವರು ಮಸಾಲೆಯನ್ನು ಅರ್ಧಕ್ಕೆ ಇಳಿಸಬೇಕಾಗುತ್ತದೆ.