ಹೇಸರಗತ್ತೆ ನಡೆದ ದಾರಿಯಲ್ಲಿ

ಮಗಳು ಅಮೆರಿಕದಲ್ಲಿದ್ದಾಳೆ ಎಂದರೆ ತಾಯಿಯಾದವಳು ಒಮ್ಮೆಯಾದರೂ ಅಲ್ಲಿಗೆ ಹೋಗಿ ಬರಬೇಕು, ಬಂದ ಮೇಲೆ ನಯಾಗರದ ಫೋಟೋ ತೋರಿಸಬೇಕು. ನಮ್ಮ ಕಡೆ ಇದೀಗ ಒಂದು ಸಂಪ್ರದಾಯವೇ ಆಗಿಬಿಟ್ಟಿದೆ. 2023ರ ದಸರಾ ರಜೆಗೆ ಒಂದಷ್ಟು ಗಳಿಕೆ ರಜೆ ಸೇರಿಸಿಕೊಂಡು ನಾನೂ ಹೋಗಿ ಬಂದೆ. ನಯಾಗರ ನೋಡಲಿಲ್ಲ. ಅದರ ಬದಲು ಮೂರು ದಿನ ಸೈಕಲ್ ತುಳಿದುಕೊಂಡು ಒಂದು ಹಳೆಯ ನಾಲೆ ನೋಡಿ ಬಂದೆ ಎಂದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. “ನಾಲೆ ನೋಡೋಕೆ ಅಷ್ಟು ದೂರ ಹೋಗ್ಬೇಕಿತ್ತಾ ಮೇಡಂ? ಮಂಡ್ಯದಲ್ಲಿ ಇರೋದೆಲ್ಲ ನಾಲೇನೇ ಅಲ್ವಾ?” ಎಂದರು ನಮ್ಮ ಗಣಿತದ ಮೇಷ್ಟ್ರು. ಆವತ್ತು ಅವರಿಗೆ ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರು ಹೇಳಿದ್ದು ಸುಳ್ಳಲ್ಲ. ನಾನು ಹುಟ್ಟಿ ಬೆಳೆದದ್ದೇ ವಿಶ್ವೇಶ್ವರಯ್ಯ ನಾಲೆಯ ಮಗ್ಗುಲಿನ ಹಳ್ಳಿಯಲ್ಲಿ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ ಸುಮಾರು ಇಪ್ಪತ್ತು ವರ್ಷ ನಡೆಯಿತು. ಅದರ ನೀರನ್ನು ಮಂಡ್ಯದ ಒಣಭೂಮಿಗೆ ತಂದ ಈ ನಾಲೆಗೆ ಆಗಿನ ವೈಸ್‌ರಾಯ್ ಇರ್ವಿನ್ ಹೆಸರಿಟ್ಟಿದ್ದರು. ನಮ್ಮ ಅಜ್ಜಿ ಕೊನೆಯವರೆಗೂ “ಇರ್ವಿನ್ ನಾಲೆ” ಎಂದೇ ಕರೆಯುತ್ತಿದ್ದರು. ನೀರು ಬಂತು, ಕಬ್ಬು ಬಂತು, 1933ರಲ್ಲಿ ಸಕ್ಕರೆ ಕಾರ್ಖಾನೆಯೂ ಬಂತು. ನನ್ನ ಪಾಲಿಗೆ ಮಾತ್ರ ನಾಲೆ ಎಂದರೆ ಅದರ ಏರಿ. ಹೈಸ್ಕೂಲು ನಮ್ಮೂರಿಂದ ನಾಲ್ಕು ಮೈಲಿ ದೂರ. “ಹೆಣ್ಣುಮಗೀಗೆ ಏಳನೇ ಕ್ಲಾಸು ಸಾಕು” ಎಂದು ಅವ್ವ ಹಟ ಹಿಡಿದಾಗ ಅಪ್ಪ ಮಾತಾಡದೆ ತಮ್ಮ ಅಟ್ಲಾಸ್ ಸೈಕಲ್ಲನ್ನು ಏರಿಯ ಮೇಲೆ ತಂದು ನಿಲ್ಲಿಸಿದರು. ಬಾರಿನ ಕೆಳಗೆ ಕಾಲು ತೂರಿಸಿ ಕಲಿತೆ. ಮೂರು ವರ್ಷ ಆ ಏರಿಯ ಮೇಲೆಯೇ ಓಡಾಡಿ ಎಸ್.ಎಸ್.ಎಲ್.ಸಿ. ಮುಗಿಸಿದೆ. ಆಗ ಏರಿಯ ಮೇಲೆ ಎದುರಾಗುತ್ತಿದ್ದುದು ಎತ್ತಿನ ಗಾಡಿ, ಎಮ್ಮೆ, ಬಟ್ಟೆಯ ಗಂಟು ಹೊತ್ತ ಹೆಂಗಸರು, ಅಪರೂಪಕ್ಕೊಮ್ಮೆ ನೀರಾವರಿ ಇಲಾಖೆಯ ಜೀಪು, ಇಷ್ಟೇ. ಮದುವೆಯಾದ ಮೇಲೆ ಸೈಕಲ್ ಬಿಟ್ಟೆ. ಯಾರೂ ಬಿಡು ಎನ್ನಲಿಲ್ಲ, ಹೇಗೋ ಬಿಟ್ಟುಹೋಯಿತು. ನಿಮ್ಮಲ್ಲಿ ಹಲವರಿಗೂ ಹೀಗೆಯೇ ಆಗಿರಬಹುದು.

ಮಗಳಿಗೆ ಈ ಕಥೆಯೆಲ್ಲ ಗೊತ್ತು. ಅದಕ್ಕೇ ಅವಳು, “ಅಮ್ಮ, ಇಲ್ಲೊಂದು ನಾಲೆ ಏರಿ ಇದೆ. ಒಂದೂ ಕಾರು ಬರಲ್ಲ. ನನ್ನ ಜೊತೆ ಸೈಕಲ್ ತುಳೀತೀಯಾ?” ಎಂದು ಕೇಳಿದಳು. “ಈ ಮಂಡಿ ಇಟ್ಕೊಂಡಾ?” ಎಂದೆ. ಅವಳಾಗಲೇ ಬಾರಿಲ್ಲದ ಎರಡು ಬಾಡಿಗೆ ಸೈಕಲ್ ಗೊತ್ತು ಮಾಡಿದ್ದಳು.

ಅದು ಚೆಸಪೀಕ್ ಮತ್ತು ಒಹಾಯೊ ನಾಲೆ. ಪೊಟೊಮ್ಯಾಕ್ ನದಿಯ ಪಕ್ಕದಲ್ಲೇ, ಕಂಬರ್ಲೆಂಡ್ ಎಂಬ ಊರಿನಿಂದ ವಾಷಿಂಗ್ಟನ್ ನಗರದ ಜಾರ್ಜ್‌ಟೌನ್‌ವರೆಗೆ 184.5 ಮೈಲಿ ಉದ್ದ. ನಮ್ಮ ನಾಲೆಯಂತೆ ಇದು ಗದ್ದೆಗೆ ನೀರುಣಿಸಲು ತೋಡಿದ್ದಲ್ಲ, ದೋಣಿಗಳು ಸರಕು ಸಾಗಿಸಲು ತೋಡಿದ್ದು. ದೋಣಿಗೆ ಉದ್ದನೆಯ ಹಗ್ಗ ಕಟ್ಟಿ, ಏರಿಯ ಮೇಲೆ ಹೇಸರಗತ್ತೆಗಳು ಎಳೆಯುತ್ತ ನಡೆಯಬೇಕು. ಆ ಹೇಸರಗತ್ತೆಗಳ ದಾರಿಯೇ ಈಗ ನಡೆಯುವವರ, ಸೈಕಲ್ ತುಳಿಯುವವರ ದಾರಿ.

1828ರ ಜುಲೈ 4ರಂದು ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಗುದ್ದಲಿ ಪೂಜೆ ಮಾಡಿದರು. ಗುದ್ದಲಿಗೆ ಮರದ ಬೇರು ಸಿಕ್ಕಿ ನೆಲ ಅಗೆಯಲಾಗಲಿಲ್ಲವಂತೆ. ಅಧ್ಯಕ್ಷರು ಕೋಟು ಬಿಚ್ಚಿಟ್ಟು ಮತ್ತೆ ಅಗೆದಾಗ ಸೇರಿದ್ದ ಜನ ಹೋ ಎಂದು ಕೂಗಿದರಂತೆ. ತಮಾಷೆಯೆಂದರೆ ಅದೇ ದಿನ, ಸ್ವಲ್ಪ ದೂರದ ಬಾಲ್ಟಿಮೋರಿನಲ್ಲಿ ರೈಲು ಹಳಿಯ ಕೆಲಸಕ್ಕೂ ಪೂಜೆ ನಡೆಯಿತು. ಇಬ್ಬರಿಗೂ ಪಶ್ಚಿಮದ ಒಹಾಯೊ ನದಿ ಮುಟ್ಟುವ ಆಸೆ. ರೈಲು 1842ರಲ್ಲಿ ಕಂಬರ್ಲೆಂಡ್ ಸೇರಿತು. ನಾಲೆ ಅಲ್ಲಿಗೆ ತಲುಪಿದ್ದು 1850ರಲ್ಲಿ. ಒಹಾಯೊ ನದಿಯನ್ನಂತೂ ಅದು ಮುಟ್ಟಲೇ ಇಲ್ಲ, ಹೆಸರಿನಲ್ಲಿ ಮಾತ್ರ ಉಳಿಯಿತು. ತೋಡಿದವರಲ್ಲಿ ಬಹಳ ಮಂದಿ ಐರ್ಲೆಂಡಿನಿಂದ ಬಂದ ಬಡವರು. 1832ರ ಕಾಲರಾದಲ್ಲಿ ಅವರ ಬಿಡಾರಗಳಲ್ಲಿ ಸಾವು ಸಾಲುಗಟ್ಟಿತು. ಎಲ್ಲ ಊರಿನ ನಾಲೆಗಳೂ ಹೀಗೆಯೇ ಏನೋ. ಉದ್ಘಾಟನೆಯ ಕಲ್ಲಿನ ಮೇಲೆ ಅಗೆದವರ ಹೆಸರು ಇರುವುದಿಲ್ಲ.

ನಾವು ಹೊರಟದ್ದು ಹಾರ್ಪರ್ಸ್ ಫೆರಿಯ ಎದುರು ದಡದಿಂದ. ಅಲ್ಲಿ ಪೊಟೊಮ್ಯಾಕ್‌ಗೆ ಶೆನಂಡೋವಾ ನದಿ ಬಂದು ಸೇರುತ್ತದೆ. ಶ್ರೀರಂಗಪಟ್ಟಣದ ಸಂಗಮ ಕಂಡವಳಿಗೆ ಕೈ ತಾನಾಗಿ ಮುಗಿಯಿತು. ಅಲ್ಲಿಂದ ಜಾರ್ಜ್‌ಟೌನಿಗೆ ಸುಮಾರು 60 ಮೈಲಿ. ನದಿ ಹರಿಯುವ ದಿಕ್ಕಿಗೇ ಹೋಗುವುದರಿಂದ ಹೆಚ್ಚು ತುಳಿಯಬೇಕಿಲ್ಲ ಎಂದಳು ಮಗಳು. ಮೊದಲ ಅರ್ಧ ಗಂಟೆ ಹ್ಯಾಂಡಲ್ ಅತ್ತಿತ್ತ ಓಲಾಡಿತು. ಮುಂದೆ ಯಾವುದೋ ಒಂದು ಗಳಿಗೆಯಲ್ಲಿ, ಮರೆತೇಹೋಗಿದ್ದ ಮಗ್ಗಿ ನಾಲಗೆಗೆ ಬರುವಂತೆ, ಕಾಲಿಗೆ ಸೈಕಲ್ ಬಂತು.

ಒಂದು ಪಕ್ಕ ನದಿ, ಇನ್ನೊಂದು ಪಕ್ಕ ನಾಲೆ, ಮೇಲೆ ಮರಗಳ ಚಪ್ಪರ. ನಾಲೆಯಲ್ಲಿ ಬಹುಪಾಲು ಕಡೆ ನೀರೇ ಇಲ್ಲ. ಪಾತ್ರದೊಳಗೇ ದೊಡ್ಡ ಮರಗಳು ಎದ್ದು ನಿಂತಿವೆ. ಅಲ್ಲಲ್ಲಿ ಕಲ್ಲಿನ ‘ಲಾಕ್’ಗಳು. ಇವು ನೀರಿನ ಮೆಟ್ಟಿಲು. ದೋಣಿ ಕಲ್ಲಿನ ತೊಟ್ಟಿಯೊಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ಮುಂದಿನಿಂದ ನೀರು ಬಿಡುತ್ತಾರೆ. ನೀರಿನ ಜೊತೆ ದೋಣಿಯೂ ಏಳೆಂಟು ಅಡಿ ಮೇಲೇಳುತ್ತದೆ. ಇಂಥ 74 ಮೆಟ್ಟಿಲು ಹತ್ತಿ ದೋಣಿ 605 ಅಡಿ ಎತ್ತರ ಏರುತ್ತಿತ್ತು. ಹಗ್ಗ ಉಜ್ಜಿ ಉಜ್ಜಿ ಕಲ್ಲಿನಲ್ಲಿ ಗೀರು ಬಿದ್ದಿವೆ, ನಮ್ಮ ಸೇದುವ ಬಾವಿಯ ಕಟ್ಟೆಯಲ್ಲಿ ಬಿದ್ದ ಹಾಗೆ. ಮೊನೊಕಸಿ ಎಂಬ ಉಪನದಿಯನ್ನು ನಾಲೆಯೇ ಸೇತುವೆಯ ಮೇಲಿಂದ ದಾಟುತ್ತದೆ. ಏಳು ಕಮಾನಿನ ಆ ಮೇಲ್ಗಾಲುವೆ 1833ರಲ್ಲಿ ಮುಗಿದದ್ದು, ಇಂದಿಗೂ ಗಟ್ಟಿಯಾಗಿ ನಿಂತಿದೆ.

ಒಂದು ರಾತ್ರಿ ಹಳೆಯ ಲಾಕ್ ಕಾವಲುಗಾರನ ಮನೆಯಲ್ಲಿ ತಂಗಿದೆವು. ಅಂಥ ಕೆಲವು ಮನೆಗಳನ್ನು ಪ್ರವಾಸಿಗಳಿಗೆ ಬಾಡಿಗೆಗೆ ಕೊಡುತ್ತಾರೆ. ನಲ್ಲಿ ಇಲ್ಲ, ದೀಪವಿಲ್ಲ. ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿದ್ದೆ. ಮೇಣದಬತ್ತಿಯ ಬೆಳಕಿನಲ್ಲಿ ಅದನ್ನೇ ಕಲಸಿ ತಿನ್ನುತ್ತ, ಆ ಮನೆಯ ಹೆಂಗಸನ್ನು ನೆನೆದೆ. ಕೆಲಸ ಗಂಡನ ಹೆಸರಿನಲ್ಲಿ, ಸಂಬಳವೂ ಅವನಿಗೇ. ಆದರೆ ಸರಿರಾತ್ರಿ ದೋಣಿಯವರು ಕಹಳೆ ಊದಿದರೆ ಮನೆಮಂದಿಯೆಲ್ಲ ಎದ್ದು ಬಾಗಿಲು ತೆಗೆಯಲು ಓಡಬೇಕು. ದೋಣಿಯಲ್ಲೂ ಹೀಗೆಯೇ. ನೂರು ಟನ್ನಿಗೂ ಮೀರಿದ ಕಲ್ಲಿದ್ದಲಿನ ಮಧ್ಯೆ ಒಂದು ಪುಟ್ಟ ಕೋಣೆ. ಅಲ್ಲೇ ಅಡುಗೆ, ಅಲ್ಲೇ ಬಾಣಂತನ. ಕೂಸು ನೀರಿಗೆ ಬೀಳದಿರಲೆಂದು ಹಗ್ಗದಿಂದ ಕಟ್ಟಿಹಾಕುತ್ತಿದ್ದರು. ಸ್ವಲ್ಪ ದೊಡ್ಡ ಮಕ್ಕಳು ಹೇಸರಗತ್ತೆಯ ಹಿಂದೆ ದಿನವಿಡೀ ನಡೆಯಬೇಕು. ಚಳಿಗಾಲದಲ್ಲಿ ನಾಲೆ ನಿಂತಾಗ ಮಾತ್ರ ಅವರಿಗೆ ಶಾಲೆ. ಕಬ್ಬು ಕಡಿಯಲು ಬರುವ ಕುಟುಂಬಗಳ ಮಕ್ಕಳನ್ನು ಹಾಜರಿ ಪುಸ್ತಕದಲ್ಲಿ ಹುಡುಕಿ ಹುಡುಕಿ ಸೋತ ನನಗೆ ಆ ಮಕ್ಕಳು ಅಪರಿಚಿತರೆನಿಸಲಿಲ್ಲ.

1889ರ ಮತ್ತು 1924ರ ಪ್ರವಾಹಗಳು ನಾಲೆಯನ್ನು ಮುರಿದವು. 1924ರ ಬಳಿಕ ದೋಣಿ ಓಡಲಿಲ್ಲ. 1938ರಲ್ಲಿ ಸರಕಾರ 20 ಲಕ್ಷ ಡಾಲರಿಗೆ ಕೊಂಡುಕೊಂಡಿತು. ಕೆಲವು ವರ್ಷಗಳಾದ ಮೇಲೆ ಆ ಜಾಗದ ಮೇಲೆ ಮೋಟಾರು ರಸ್ತೆ ಮಾಡುವ ಯೋಜನೆ ಎದ್ದಿತು. 1954ರ ಜನವರಿಯಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆ ರಸ್ತೆಯ ಪರವಾಗಿ ಸಂಪಾದಕೀಯ ಬರೆಯಿತು. ಆಗ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಾಸ್ ಸಂಪಾದಕರಿಗೆ ಪತ್ರ ಬರೆದು, ನನ್ನೊಡನೆ ಒಮ್ಮೆ ಪೂರ್ತಿ ನಡೆದು ನೋಡಿ, ಆಮೇಲೆ ಬರೆಯಿರಿ ಎಂಬರ್ಥದ ಸವಾಲು ಹಾಕಿದರು. ಪತ್ರಿಕೆಯವರು ಒಪ್ಪಿದರು. ಮಾರ್ಚ್ ತಿಂಗಳಲ್ಲಿ ಐವತ್ತಕ್ಕೂ ಹೆಚ್ಚು ಜನ ಕಂಬರ್ಲೆಂಡಿನಿಂದ ಹೊರಟರು. ಎಂಟನೆಯ ದಿನ ವಾಷಿಂಗ್ಟನ್‌ವರೆಗೂ ಅಷ್ಟೂ ದೂರ ನಡೆದು ಮುಟ್ಟಿದವರು ಒಂಬತ್ತು ಮಂದಿ. ಐವತ್ತೈದರ ನ್ಯಾಯಮೂರ್ತಿಗಳೂ ಅವರಲ್ಲೊಬ್ಬರು. ಪತ್ರಿಕೆ ತನ್ನ ನಿಲುವು ಬದಲಿಸಿತು. 1971ರಲ್ಲಿ ಕಾನೂನಿನ ಮೂಲಕ ಅದು ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ಒಂದು ದಾರಿಯನ್ನು ಉಳಿಸಲು ಕೆಲವರು ಮಾಡಿದ್ದು ಇಷ್ಟೇ: ಅದರ ಮೇಲೆ ನಡೆದದ್ದು.

ಮೂರನೆಯ ದಿನ ಸಂಜೆ ಜಾರ್ಜ್‌ಟೌನ್ ಹತ್ತಿರ ಬಂದಾಗ ಮಗಳು, “ಯಾಕಮ್ಮ ಮಾತೇ ಆಡ್ತಿಲ್ಲ, ಸುಸ್ತಾಯ್ತಾ?” ಎಂದಳು. ಸುಸ್ತಾಗಿತ್ತು ನಿಜ. ಆದರೆ ನನ್ನ ಕಣ್ಣಮುಂದೆ ಇದ್ದದ್ದು ನಮ್ಮ ನಾಲೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತರು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. ಅದಾದ ಮೇಲೂ ಆ ನಾಲೆಗೆ ಕಾರುಗಳು ಬಿದ್ದಿವೆ. ಎತ್ತಿನ ಗಾಡಿಗೆಂದು ಬಿಟ್ಟಿದ್ದ ಏರಿ, ಯಾರೂ ಕೂತು ಯೋಚಿಸದೆಯೇ, ಬಸ್ಸು ಲಾರಿ ಕಾರುಗಳ ರಸ್ತೆಯಾಗಿಬಿಟ್ಟಿತ್ತು. 2006-07ರಲ್ಲಿ ಸರಕಾರ ಹೈಸ್ಕೂಲು ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದಾಗ ನನ್ನ ವಿದ್ಯಾರ್ಥಿನಿಯರು ಏರಿಯ ಮೇಲೆ ಸಾಲಾಗಿ ಬರುವುದನ್ನು ನೋಡಿ ಕಣ್ಣು ತುಂಬಿಕೊಂಡವಳು ನಾನು. ಆ ಅಪಘಾತದ ಬಳಿಕ ಎಷ್ಟೋ ತಾಯಂದಿರು, “ಏರಿ ಮೇಲೆ ಬೇಡ ಕಣವ್ವ” ಎಂದುಬಿಟ್ಟರು. ಒಬ್ಬಿಬ್ಬರು ಹುಡುಗಿಯರು ಶಾಲೆಯನ್ನೇ ಬಿಟ್ಟರು. ತಾಯಂದಿರ ಮಾತನ್ನು ತಪ್ಪೆನ್ನಲು ನನಗೆ ಬಾಯಿಲ್ಲ.

ಅಲ್ಲಿಯದು ನಿವೃತ್ತ ನಾಲೆ. ನಮ್ಮದು ದುಡಿಯುವ ನಾಲೆ. ಕಬ್ಬಿನ ಗಾಡಿ ಓಡಲೇಬೇಕು, ಎಲ್ಲ ಏರಿಯನ್ನೂ ಉದ್ಯಾನ ಮಾಡಿ ಎಂದು ನಾನು ಹೇಳಲಾರೆ. ಆದರೆ ದೊಡ್ಡ ವಾಹನ ಹೋಗುವ ಕಡೆ ಎದೆಮಟ್ಟದ ತಡೆಗೋಡೆ ಬೇಕು. ಬೇರೆ ರಸ್ತೆಯಿರುವ ಕಡೆ ಏರಿಯನ್ನು ಕಾಲ್ನಡಿಗೆಯವರಿಗೂ ಸೈಕಲ್ಲಿಗೂ ಬಿಡಬೇಕು. ಇದು ಅತಿಯಾಸೆಯೇ, ನೀವೇ ಹೇಳಿ.

ಊರಿಗೆ ಬಂದ ಮೇಲೆ ಒಂದು ಸೈಕಲ್ ಕೊಂಡೆ. ಭಾನುವಾರ ಬೆಳಿಗ್ಗೆ, ವಾಹನ ಕಡಿಮೆಯಿರುವಾಗ, ತಡೆಗೋಡೆ ಎಲ್ಲಿದೆ ಎಲ್ಲಿಲ್ಲ ಎಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತ ಏರಿಯ ಮೇಲೆ ಹೋಗುತ್ತೇನೆ. ಪಟ್ಟಿ ಮುಗಿದ ಮೇಲೆ ಪಂಚಾಯಿತಿಗೂ ಇಲಾಖೆಗೂ ಕೊಡಬೇಕು. ಮೊನ್ನೆ ಗಣಿತದ ಮೇಷ್ಟ್ರು ದಾರಿಯಲ್ಲಿ ಸಿಕ್ಕಿ, “ಏನ್ ಮೇಡಂ, ಇನ್ನೂ ನಾಲೆ ನೋಡಿ ಮುಗಿಲಿಲ್ವಾ?” ಎಂದರು. ಇಲ್ಲ ಎಂದೆ. ಬರುವ ಭಾನುವಾರ ಅವರೂ ಸೈಕಲ್ ತರುತ್ತಾರಂತೆ.