ಹೊಸೆದ ಎಳೆ, ತಾಮ್ರದ ಹೆಸರು

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರ ತೆಂಗಿನ ಸೀಮೆ. ನಾರಿನ ಎರಡೆಳೆಯನ್ನು ಹುರಿಗೊಳಿಸಿ ಹೊಸೆದರೆ ಹಗ್ಗವಾಗುತ್ತದೆ, ಹೊಸೆಯದೆ ಬಿಟ್ಟರೆ ಅದು ಬರೀ ನಾರು ಎಂಬುದನ್ನು ಅಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಜಾತ್ರೆಗೋ ನಾಟಕಕ್ಕೋ ಮೈಕ್ ಸೆಟ್ಟಿನವರು ಹಾಸುವ ಕರಿ ಕೇಬಲ್ಲಿನ ರಬ್ಬರು ಸೀಳಿ ನೋಡಿದರೆ ಒಳಗೂ ಅದೇ ಹೊಸೆತ ಕಾಣುತ್ತದೆ. ಮೇಲೆ ಸಣ್ಣ ತಂತಿಗಳ ಹೆಣಿಗೆ, ಅದರೊಳಗೆ ತುಸು ಹತ್ತಿ, ನಡುವೆ ಎರಡು ಬಣ್ಣದ ತಂತಿ ಒಂದನ್ನೊಂದು ಸುತ್ತಿಕೊಂಡಿರುತ್ತವೆ. ಬ್ಯಾಲೆನ್ಸ್ಡ್ ಕೇಬಲ್ ಅಂದರೆ ಇಷ್ಟೇ. ಇದೇ ರಚನೆಗೆ ಬೆಳ್ಳಿಯ ಲೇಪ, ಶುದ್ಧ ತಾಮ್ರದ ಹೆಸರು, ರೇಷ್ಮೆಯಂಥ ಹೊದಿಕೆ ಕೊಟ್ಟು ಒಂದೆರಡು ಮೀಟರಿಗೆ ಹತ್ತಾರು ಸಾವಿರ ರೂಪಾಯಿಗೆ ಮಾರುವ ವ್ಯಾಪಾರವೂ ಇದೆ. ಈ ಕೇಬಲ್ಲಿನ ಧ್ವನಿ ಬೆಚ್ಚಗೆ, ಆ ಕೇಬಲ್ಲಿನ ಧ್ವನಿ ತೆಳ್ಳಗೆ ಎಂಬ ವರ್ಣನೆಗಳು ಅದರ ಜೊತೆಗೆ ಬರುತ್ತವೆ. ಆದರೆ ಈ ಕೇಬಲ್ಲಿನ ಚರಿತ್ರೆ ನೋಡಿದರೆ, ತನ್ನದೆಂಬ ಧ್ವನಿ ಇರಲೇಬಾರದು ಎಂದೇ ಅದನ್ನು ರೂಪಿಸಿದ್ದು ಗೊತ್ತಾಗುತ್ತದೆ.

ಈ ಕಥೆ ಸಂಗೀತದಿಂದ ಶುರುವಾದದ್ದಲ್ಲ, ಟೆಲಿಫೋನಿನಿಂದ. ಮೊದಮೊದಲ ಟೆಲಿಫೋನು ಲೈನುಗಳಿಗೆ ಒಂದೇ ತಂತಿ. ವಾಪಸು ದಾರಿ ಭೂಮಿಯದು. ತಂತಿಯ ಖರ್ಚು ಅರ್ಧ ಉಳಿಯಿತು, ನಿಜ. ಆದರೆ ಪಕ್ಕದ ತಂತಿಯ ಮಾತು, ತಂತಿ ಕಚೇರಿಯ ಟಕಟಕ ಎಲ್ಲವೂ ಅದರೊಳಗೆ ನುಸುಳಿದವು. ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಪಡೆದ ಒಂದು ಪೇಟೆಂಟು ಇದಕ್ಕೆ ಉತ್ತರ ಹೇಳಿತು: ಹೋಗುವುದಕ್ಕೊಂದು, ಬರುವುದಕ್ಕೊಂದು ತಂತಿ ಇರಲಿ, ಎರಡನ್ನೂ ಹೊಸೆಯಿರಿ. ಹೊಸೆದ ತಂತಿಗಳು ಹೊರಗಿನ ಗದ್ದಲಕ್ಕೆ ಸರದಿಯ ಮೇಲೆ ಹತ್ತಿರವಾಗುತ್ತ ದೂರವಾಗುತ್ತ ಹೋಗುವುದರಿಂದ ಎರಡರಲ್ಲೂ ಸಮನಾದ ಗದ್ದಲವೇ ಸೇರುತ್ತದೆ. ಕೊನೆಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದರೆ ಗದ್ದಲ ಸೊನ್ನೆ. ಮಾತು ಮಾತ್ರ ಉಳಿಯುತ್ತದೆ. ಅಲ್ಲಿಂದಾಚೆಗೆ ಊರುಗಳಿಗೆ ವಿದ್ಯುತ್ತು ಬಂತು. 1895ರಲ್ಲಿ ಮದರಾಸಿನಲ್ಲಿ ವಿದ್ಯುತ್ ಟ್ರಾಂ ಓಡಿತು, 1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಗಣಿ ಮುಟ್ಟಿತು, 1905ರಲ್ಲಿ ಬೆಂಗಳೂರಿನ ಬೀದಿ ದೀಪ ಹತ್ತಿತು. ವಿದ್ಯುತ್ತು ಹರಡಿದಷ್ಟೂ ಗುಂಯ್ ಎನ್ನುವ ಸದ್ದಿನ ಕಾಟ ಹೆಚ್ಚಿತು, ಜೋಡಿ ತಂತಿ ಅನಿವಾರ್ಯವಾಯಿತು.

ರೇಡಿಯೋದವರು ಈ ವಿದ್ಯೆಯನ್ನು ಟೆಲಿಫೋನಿನವರಿಂದ ಹಾಗೆಹಾಗೇ ಎತ್ತಿಕೊಂಡರು. ಸ್ಟುಡಿಯೋಗಳಲ್ಲಿ ಬಹುಕಾಲ ನಡೆದ 600 ಓಮ್ ಲೆಕ್ಕ ಟೆಲಿಫೋನು ಲೈನಿನದೇ. ನಮ್ಮಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ 1935ರಲ್ಲಿ ಆಕಾಶವಾಣಿ ಎಂಬ ರೇಡಿಯೋ ಕೇಂದ್ರ ಶುರು ಮಾಡಿದರು. ಅದೇ ಮನೆಯೊಳಗೆ ಮಾತನಾಡಿ ಅಲ್ಲಿಂದಲೇ ಪ್ರಸಾರ ಮಾಡುವಾಗ ತಂತಿ ಉದ್ದವಿರಲಿಲ್ಲ. ಸ್ಟುಡಿಯೋ ಊರೊಳಗೆ, ಟ್ರಾನ್ಸ್‌ಮಿಟರು ಊರಾಚೆ ಎಂಬ ಕಾಲ ಬಂದಾಗ ಮೈಲುಗಟ್ಟಲೆ ಜೋಡಿ ತಂತಿ ಬೇಕಾಯಿತು. ಇಂಥ ತಂತಿಯ ತುದಿಗೆ ಲಾಸ್ ಏಂಜಲೀಸಿನ ಕ್ಯಾನನ್ ಕಂಪನಿಯ ಮೂರು ಕಡ್ಡಿಯ ಎಕ್ಸ್‌ಎಲ್‌ಆರ್ ಪ್ಲಗ್ಗು ಬಂತು; 1966ರಲ್ಲಿ ಜರ್ಮನಿಯ ನಾಯ್‌ಮನ್ ಕಂಪನಿ ನಾರ್ವೆಯ ರೇಡಿಯೋಗಾಗಿ ಅದೇ ತಂತಿಯಲ್ಲಿ ಮೈಕಿಗೆ 48 ವೋಲ್ಟು ಕಳಿಸುವ ದಾರಿ ಹುಡುಕಿತು. ಈ ಹೆಜ್ಜೆಗಳಲ್ಲಿ ಯಾವುದೂ ಧ್ವನಿಗೆ ರುಚಿ ಕೊಡಲೆಂದು ಇಟ್ಟದ್ದಲ್ಲ. ಮೈಕಿಗೆ ಬಿದ್ದದ್ದು ಬಿದ್ದಂತೆಯೇ ಆ ತುದಿ ಸೇರಲಿ ಎಂಬುದೊಂದೇ ಗುರಿ.

ಶ್ರೀರಾಂಪುರದ್ದೇ ತಾಲ್ಲೂಕಿನ ಸಾಣೇಹಳ್ಳಿಯನ್ನು ತೆಗೆದುಕೊಳ್ಳಿ. ಊರೂರು ಸುತ್ತಿ ನಾಟಕವಾಡುವ ಶಿವಸಂಚಾರ ತಂಡದ ಊರು ಅದು. ಅಲ್ಲಿನ ಬಯಲು ರಂಗಮಂದಿರ ಗ್ರೀಕ್ ಮಾದರಿಯದು. ಅಂಥ ಬಯಲಲ್ಲಿ ರಂಗದಿಂದ ಮಿಕ್ಸರ್ ಮೇಜಿನವರೆಗೆ ನೂರು ಮೀಟರ್ ಕೇಬಲ್ ಎಳೆದಿದ್ದಾರೆ, ಪಕ್ಕದಲ್ಲೇ ದೀಪದ ಡಿಮ್ಮರುಗಳ ವಯರು ಹೋಗಿದೆ ಎಂದಿಟ್ಟುಕೊಳ್ಳಿ. 0.22 ಚದರ ಮಿಲಿಮೀಟರಿನ ಸಾಧಾರಣ ಎಳೆಯಾದರೆ ಹೋಗಿ ಬರುವ ದಾರಿಗೆ ಸುಮಾರು 16 ಓಮ್ ತಡೆ. ಎದುರಿಗಿರುವ ಮಿಕ್ಸರಿನದು 2,000 ಓಮ್. ನಷ್ಟ ಶೇಕಡಾ ಒಂದಕ್ಕೂ ಕಡಿಮೆ. ಇನ್ನೊಂದು ಲೆಕ್ಕ ಕೆಪಾಸಿಟೆನ್ಸಿನದು, ಅಂದರೆ ತಂತಿಗಳ ನಡುವೆ ಚಾರ್ಜು ಹಿಡಿದಿಡುವ ಗುಣದ್ದು. ಮೀಟರಿಗೆ 100 ಪಿಕೋಫ್ಯಾರಡ್‌ನಂತೆ ನೂರು ಮೀಟರಿಗೆ 10 ನ್ಯಾನೋಫ್ಯಾರಡ್ ಆಗುತ್ತದೆ. 150 ಓಮಿನ ಮೈಕಿಗೆ ಇದರಿಂದ ಮೇಲಿನ ಸ್ವರಗಳ ಕುಸಿತ ಶುರುವಾಗುವುದು ಒಂದು ಲಕ್ಷ ಹರ್ಟ್ಸ್ ಆಸುಪಾಸಿನಲ್ಲಿ. ಎಳೆಯ ಕಿವಿಗೂ 20,000 ದಾಟಿದರೆ ಕೇಳದು. ನೂರು ಮೀಟರಿನ ಕಥೆಯೇ ಹೀಗಿರುವಾಗ ಬೈಠಕ್‌ಖಾನೆಯ ಒಂದು ಮೀಟರಿನಲ್ಲಿ ಯಾವ ಬಣ್ಣ ಬೆರೆತೀತು? ಹಾಗಂತ ಉದ್ದ ಎಂದೂ ಲೆಕ್ಕಕ್ಕಿಲ್ಲ ಎಂದಲ್ಲ. ಕಿಲೋಮೀಟರುಗಟ್ಟಲೆ ಹೋಗುವ ಟೆಲಿಫೋನು ಕೇಬಲ್ಲಿನಲ್ಲಿ ಕೀರಲು ಸ್ವರಗಳು ಸಾಯುತ್ತಿದ್ದವು. 1887ರಲ್ಲೇ ಇಂಗ್ಲೆಂಡಿನ ಆಲಿವರ್ ಹೆವಿಸೈಡ್ ಇದಕ್ಕೆ ಗಣಿತ ಬರೆದಿಟ್ಟಿದ್ದ.

ಇನ್ನು ತಾಮ್ರ. ಚಿತ್ರದುರ್ಗ ಜಿಲ್ಲೆಯವರಿಗೆ ಇದು ದೂರದ ಮಾತಲ್ಲ. ದುರ್ಗದ ಹತ್ತಿರದ ಇಂಗಳದಾಳಿನ ನೆಲದಲ್ಲಿ ಹಳೆಯ ಕಾಲದವರು ತಾಮ್ರ ಅಗೆದ ಗುರುತುಗಳಿದ್ದವು; ನಮ್ಮ ಕಾಲದಲ್ಲಿ ಹಟ್ಟಿ ಚಿನ್ನದ ಗಣಿ ಕಂಪನಿಯ ತಾಮ್ರ ಘಟಕ ಅಲ್ಲಿ ಕೆಲಸ ಮಾಡಿತು. ಅದಿರು ಎಲ್ಲಿಯದೇ ಆಗಿರಲಿ, ತಂತಿಯಾಗುವ ಮೊದಲು ವಿದ್ಯುತ್ತಿನಿಂದ ಶೋಧಿಸಿ ಶೇಕಡಾ 99.9 ದಾಟಿಸುವುದು ಎಲ್ಲೆಡೆಯ ವಾಡಿಕೆ. 1913ರಲ್ಲಿ ಜಗತ್ತು ಒಪ್ಪಿದ ತಾಮ್ರದ ವಾಹಕತೆಯ ಅಳತೆಯನ್ನು 100 ಎಂದಿಟ್ಟುಕೊಂಡರೆ, ಆಮ್ಲಜನಕ ತೆಗೆದ ದುಬಾರಿ ತಾಮ್ರ 101ರ ಆಸುಪಾಸು, ಬೆಳ್ಳಿ ಸುಮಾರು 106. ಎಳೆಯನ್ನು ಕೂದಲೆಳೆಯಷ್ಟು ಹೆಚ್ಚು ದಪ್ಪ ಮಾಡಿದರೆ ಆ ಒಂದು ಪಾಲು ಸಿಕ್ಕಿಬಿಡುತ್ತದೆ. ಕರೆಂಟು ತಂತಿಯ ತೊಗಲಿನಲ್ಲೇ ಹರಿಯುತ್ತದೆ ಎಂಬ ವಾದವೂ ಇಲ್ಲಿ ನಿಲ್ಲದು: 20,000 ಹರ್ಟ್ಸಿನಲ್ಲೂ ತಾಮ್ರದ ಆ ತೊಗಲು ಅರ್ಧ ಮಿಲಿಮೀಟರಿನಷ್ಟು ಆಳ, ಇಂಥ ಎಳೆಯ ತ್ರಿಜ್ಯವೇ ಅದಕ್ಕಿಂತ ಕಡಿಮೆ.

ಕಿವಿಗೆ ಕೇಳಿದ್ದನ್ನು ಲೆಕ್ಕ ಸುಳ್ಳು ಮಾಡಬಹುದೇ ಎಂದು ರಸಿಕರು ಕೇಳುತ್ತಾರೆ. ತಳ್ಳಿಹಾಕುವ ಪ್ರಶ್ನೆಯಲ್ಲ. ವ್ಯತ್ಯಾಸ ಕೆಲವೊಮ್ಮೆ ಇದ್ದೇ ಇರುತ್ತದೆ; ಅದರ ಕಾರಣ ಬೇರೆ ಕಡೆ ಇರುತ್ತದೆ. ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯ 1995ರ ಜೂನ್ ಸಂಚಿಕೆಯಲ್ಲಿ ಇಬ್ಬರು ಎಂಜಿನಿಯರುಗಳು ಇದನ್ನು ಬಿಡಿಸಿ ಹೇಳಿದರು. ನೀಲ್ ಮನ್ಸಿಯ ಪ್ರಕಾರ ಪ್ಲಗ್ಗಿನ ಒಂದನೇ ಕಡ್ಡಿಗೆ ಬರುವ ಹೆಣಿಗೆಯನ್ನು ಯಂತ್ರದ ಪೆಟ್ಟಿಗೆಗೆ ನೇರ ಸೇರಿಸದೆ ಒಳಗಿನ ಸರ್ಕೀಟಿಗೆ ಸೇರಿಸುವುದೇ ಗುಂಯ್ ಸದ್ದಿನ ಮೂಲ. ಬಿಲ್ ವಿಟ್‌ಲಾಕ್ ಹೇಳಿದ್ದು, ಬ್ಯಾಲೆನ್ಸ್ ಅಂದರೆ ಎರಡೂ ತಂತಿಯ ತಡೆ ಸಮನಾಗಿರುವುದು. ಎರಡರಲ್ಲೂ ಸಂಕೇತ ಸರಿಸಮ, ತಿರುಗುಮುರುಗು ಇರಲೇಬೇಕೆಂದಿಲ್ಲ. ಅಂದರೆ ದೋಷವಿರುವ ಯಂತ್ರದಲ್ಲಿ ಕೇಬಲ್ ಬದಲಿಸಿದರೆ ಸದ್ದು ಬದಲಾದೀತು; ಹೊಗಳಿಕೆ ಮಾತ್ರ ಕೇಬಲ್ಲಿನ ಪಾಲಾಗುತ್ತದೆ. ಯಾವ ಕೇಬಲ್ಲೆಂದು ಮೊದಲೇ ತಿಳಿದು ಕೇಳುವ ಕಿವಿ, ಬೆಲೆಯನ್ನೂ ಕೇಳಿಸಿಕೊಳ್ಳುತ್ತದೆ ಎಂಬುದನ್ನೂ ಇದಕ್ಕೆ ಸೇರಿಸಬೇಕು.

ಹಾಗಾದರೆ ದುಡ್ಡು ಕೊಡುವುದೇ ದಂಡವೇ? ಅಲ್ಲ. ಬಯಲಾಟದ ನೆಲದಲ್ಲಿ ಬಿದ್ದ ಕೇಬಲ್ಲು ಕಾಲ್ತುಳಿತ, ಬಿಸಿಲು, ಟ್ರಾಕ್ಟರಿನ ಗಾಲಿ ಎಲ್ಲವನ್ನೂ ತಾಳಬೇಕು. ಒತ್ತೊತ್ತಾದ ಹೆಣಿಗೆ, ತುಳಿದರೆ ಸದ್ದು ಬಾರದಂತೆ ತಡೆಯುವ ಹತ್ತಿಯ ತುಂಬು, ಗಟ್ಟಿ ಪ್ಲಗ್ಗು, ಅಚ್ಚುಕಟ್ಟು ಬೆಸುಗೆ ಇವಕ್ಕೆ ಕೊಟ್ಟ ಹಣ ಸಾರ್ಥಕ. ಡಿಮ್ಮರು, ಜನರೇಟರುಗಳ ಪಕ್ಕ ನಾಲ್ಕೆಳೆಯ ಕೇಬಲ್ಲು ಇನ್ನೂ ಒಳ್ಳೆಯದು, ಅದರ ಕೆಪಾಸಿಟೆನ್ಸು ಹೆಚ್ಚೆಂಬುದು ಗೊತ್ತಿದ್ದರೆ ಸಾಕು. ಇವು ಬಾಳಿಕೆಯ, ಮೌನದ ಗುಣಗಳು. ಹಾಗಾಗಿ ಕೊಳ್ಳುವ ಮುನ್ನ ಅಂಗಡಿಯವರನ್ನು ಎರಡೇ ಪ್ರಶ್ನೆ ಕೇಳಿ: ಮೀಟರಿಗೆ ಎಷ್ಟು ಪಿಕೋಫ್ಯಾರಡ್, ಹೆಣಿಗೆ ಶೇಕಡಾ ಎಷ್ಟು ಮುಚ್ಚುತ್ತದೆ. ಅಂಕಿ ಬಿಟ್ಟು ಇಂಪಿನ ಮಾತು ಶುರುವಾದರೆ ಪಕ್ಕದಂಗಡಿಗೆ ಹೋಗಿ.